ಫ್ಯಾನ್ ತಿರುಗುತ್ತಿತ್ತು, ಬಿಸಿ ಇಳಿಯುತ್ತಿರಲಿಲ್ಲ: ಒಂದು ಲಿನಕ್ಸ್ ಲ್ಯಾಪ್‌ಟಾಪಿನ ಪ್ರಕರಣ

ಈ ಪ್ರಕರಣದ ಲ್ಯಾಪ್‌ಟಾಪ್ ಕಲ್ಯಾಣ ಕರ್ನಾಟಕದ ಒಂದು ಪಟ್ಟಣದ ಪದವಿಪೂರ್ವ ಕಾಲೇಜಿನ ಕನ್ನಡ ಉಪನ್ಯಾಸಕರದು. ಹೆಸರು, ಊರು ಎರಡನ್ನೂ ಹೇಳಬಾರದೆಂಬ ಷರತ್ತಿನ ಮೇಲೆ, ನಾನು ಇದನ್ನು ಬರೆಯಲು ಅವರು ಒಪ್ಪಿದ್ದಾರೆ. ಊರಿನ ಬಗ್ಗೆ ಎರಡು ಸಂಗತಿಗಳನ್ನು ಮಾತ್ರ ಹೇಳದೆ ಮುಂದೆ ಹೋಗಲಾಗದು. ಅಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಸಾಮಾನ್ಯ. ಅವರ ಮನೆಯ ಹಿಂದಿನ ಬೀದಿಯಲ್ಲಿ ಹತ್ತಿಯ ಜಿನ್ನಿಂಗ್ ಮಿಲ್ ಇದೆ.

ಹಿನ್ನೆಲೆ

ಲ್ಯಾಪ್‌ಟಾಪ್ ಹೊಸದಲ್ಲ. ಥಿಂಕ್‌ಪ್ಯಾಡ್ ಸರಣಿಯ 14 ಇಂಚಿನ ಯಂತ್ರ. ಯಾವುದೋ ಕಚೇರಿಯಲ್ಲಿ ಕೆಲವು ವರ್ಷ ದುಡಿದು, ನವೀಕರಿಸಿದ ಸರಕಾಗಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಬಂದದ್ದು. ಒಳಗೆ ಇಂಟೆಲ್ ಕೋರ್ ಐ5 5300ಯು ಪ್ರೊಸೆಸರ್: ಎರಡು ಕೋರ್, ನಾಲ್ಕು ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಎಳೆಗಳು), ಮೂಲ ವೇಗ 2.3 ಗಿಗಾಹರ್ಟ್ಸ್, ಟರ್ಬೊದಲ್ಲಿ, ಎಂದರೆ ಅವಕಾಶವಿದ್ದಾಗ ಮೂಲ ವೇಗ ಮೀರಿ ಓಡುವ ಸ್ಥಿತಿಯಲ್ಲಿ, 2.9ರವರೆಗೆ, ವಿನ್ಯಾಸದ ಶಾಖಮಿತಿ 15 ವಾಟ್. ಉಪನ್ಯಾಸಕರು ಅದರ ಮೇಲೆ ಉಬುಂಟು 22.04 ಎಂಬ ಲಿನಕ್ಸ್ ವ್ಯವಸ್ಥೆಯನ್ನು ಹಾಕಿಸಿಕೊಂಡಿದ್ದರು. ಚಳಿಗಾಲದಲ್ಲಿ, ಬೆಂಗಳೂರಿನ ಅಂಗಡಿಯಲ್ಲಿ ಅರ್ಧ ಗಂಟೆ ಓಡಿಸಿ ನೋಡಿದಾಗ ಎಲ್ಲವೂ ಸರಿಯಾಗಿಯೇ ಇತ್ತು. ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಚಿಪ್ಪಿನ ತಾಪವೆಂದರೆ ಕೋಣೆಯ ತಾಪದ ಮೇಲೆ ಸೇರುವ ಏರಿಕೆ. 25 ಡಿಗ್ರಿಯ ಕೋಣೆಯಲ್ಲಿ 85 ತೋರಿಸುವ ಯಂತ್ರ 40 ಡಿಗ್ರಿಯ ಕೋಣೆಯಲ್ಲಿ ಅದೇ ಕೆಲಸಕ್ಕೆ ನೂರರ ಹತ್ತಿರ ಹೋಗುತ್ತದೆ.

ಅವರ ಕೆಲಸವೂ ಹಗುರವಾದದ್ದಲ್ಲ. ಹಳೆಯ ಕನ್ನಡ ಪತ್ರಿಕೆಗಳ ಸ್ಕ್ಯಾನ್ ಪ್ರತಿಗಳನ್ನು ಗುಡ್ಡೆ ಹಾಕಿಕೊಂಡು, ಟೆಸೆರಾಕ್ಟ್ ಎಂಬ ಮುಕ್ತ ತಂತ್ರಾಂಶದಿಂದ ಅವುಗಳ ಚಿತ್ರಗಳನ್ನು ಪಠ್ಯವಾಗಿಸುತ್ತಾರೆ. ಸಂಜೆ ಕಾಲೇಜಿನಿಂದ ಬಂದವರು ಒಂದು ಸಂಪುಟವನ್ನು ಓಡಲು ಬಿಟ್ಟು ಊಟಕ್ಕೆ ಕೂರುತ್ತಾರೆ. ಬೆಳಿಗ್ಗೆ ಪಠ್ಯವನ್ನು ತಿದ್ದುತ್ತಾರೆ. ಗಂಟೆಗಟ್ಟಲೆ ಪ್ರೊಸೆಸರಿಗೆ ಬಿಡುವಿರುವುದಿಲ್ಲ. ಸಿನಿಮಾ ನೋಡುವವರ, ಪತ್ರ ಬರೆಯುವವರ ಲ್ಯಾಪ್‌ಟಾಪಿನಲ್ಲಿ ವರ್ಷಗಟ್ಟಲೆ ಅಡಗಿ ಕೂರಬಹುದಾದ ದೋಷವನ್ನು ಇಂಥ ಕೆಲಸ ಒಂದೇ ಬೇಸಿಗೆಯಲ್ಲಿ ಹೊರಗೆಳೆಯುತ್ತದೆ.

ಎರಡು ದೂರುಗಳು, ಒಂದಕ್ಕೊಂದು ವಿರುದ್ಧ

ಮೊದಲ ದೂರು ಸದ್ದಿನದು. ಫೆಬ್ರವರಿಯ ಹೊತ್ತಿಗೆ ಫ್ಯಾನ್ ಸುಮ್ಮನಿರುವುದೇ ಅಪರೂಪವಾಯಿತು. ಪಾಠಗಳನ್ನು ಧ್ವನಿಮುದ್ರಿಸುವಾಗ ಹಿಂದೆ ಒಂದು ನಿರಂತರ ಸುಯ್ಯೆನ್ನುವ ಸದ್ದು ಸೇರುತ್ತಿತ್ತು. ಕಂಪ್ಯೂಟರ್ ಬಲ್ಲ ಅವರ ಒಬ್ಬ ವಿದ್ಯಾರ್ಥಿ, ಸರ್ ಅವರಿಗೆ ನೆರವಾಗೋಣವೆಂದು, ಥಿಂಕ್‌ಫ್ಯಾನ್ ಎಂಬ ಸೇವೆಯನ್ನು ಹಾಕಿಕೊಟ್ಟ. ಇಂಥಿಂಥ ತಾಪಕ್ಕೆ ಫ್ಯಾನಿನ ಇಂಥಿಂಥ ಹಂತ ಎಂದು ನಾವೇ ಬರೆದಿಡಬಹುದಾದ ಸೇವೆ ಅದು. ಸಂರಚನೆಯ ಕಡತವನ್ನು ಎಲ್ಲಿಂದಲೋ ನಕಲಿಸಿದ್ದ. ಬೇರೆ ಮಾದರಿಯದು, ಸದ್ದು ಕಡಿಮೆ ಮಾಡಲೆಂದೇ ಹೊಂದಿಸಿದ್ದು. ಕೆಲವು ದಿನ ಮನೆ ನಿಶ್ಶಬ್ದವಾಗಿತ್ತು.

ಎರಡನೆಯ ದೂರು ಮಾರ್ಚಿನಲ್ಲಿ ಬಂತು. ಈಗ ಫ್ಯಾನ್ ನಿಧಾನವಾಗಿ ತಿರುಗುತ್ತಿದೆ, ಆದರೆ ಕೀಲಿಮಣೆಯ ಮೇಲೆ ಬೆರಳಿಡಲಾಗುವುದಿಲ್ಲ. ಒತ್ತಿದ ಅಕ್ಷರ ಪರದೆಯ ಮೇಲೆ ಮೂಡಲು ಕಾಯಬೇಕು. ನನ್ನನ್ನು ಕರೆದದ್ದು ಈ ಹಂತದಲ್ಲಿ. ಬೇಡಿಕೆ ನೇರವಾಗಿತ್ತು: ಫ್ಯಾನಿನ ವೇಗವನ್ನು ನಮ್ಮ ಕೈಗೆ ತಂದುಕೊಡಿ, ಜೋರಾಗಿ ಓಡಿಸಿ ತಂಪು ಮಾಡಿಕೊಳ್ಳುತ್ತೇವೆ. ಜೊತೆಗೆ, ಅವರ ಸಹೋದ್ಯೋಗಿಯೊಬ್ಬರು ಹೇಳಿದ ಮಾತನ್ನೂ ಸೇರಿಸಿದರು: ಲಿನಕ್ಸಿಗೆ ಫ್ಯಾನ್ ನಿಭಾಯಿಸಲು ಬರುವುದಿಲ್ಲ, ವಿಂಡೋಸ್ ಹಾಕಿಸಿಬಿಡಿ.

ಆ ಮಾತನ್ನು ಇಲ್ಲಿಯೇ ಬಿಡಿಸಿಬಿಡುತ್ತೇನೆ. ಇಂಥ ಲ್ಯಾಪ್‌ಟಾಪುಗಳಲ್ಲಿ ಫ್ಯಾನನ್ನು ನಡೆಸುವುದು ಲಿನಕ್ಸೂ ಅಲ್ಲ, ವಿಂಡೋಸೂ ಅಲ್ಲ. ಮದರ್‌ಬೋರ್ಡಿನ ಮೇಲೆ ಎಂಬೆಡೆಡ್ ಕಂಟ್ರೋಲರ್ ಎಂಬ ಪುಟ್ಟ ಚಿಪ್ ಇದೆ. ತಾಪವನ್ನು ಅದೇ ಓದುತ್ತದೆ, ಫ್ಯಾನಿನ ಹಂತವನ್ನು ಅದೇ ನಿರ್ಧರಿಸುತ್ತದೆ. ಕಾರ್ಯಾಚರಣ ವ್ಯವಸ್ಥೆ ಇನ್ನೂ ಏಳದಿದ್ದಾಗಲೂ ಅದು ಕೆಲಸದಲ್ಲಿರುತ್ತದೆ. ಲಿನಕ್ಸಿನ ಥಿಂಕ್‌ಪ್ಯಾಡ್ ಎಸಿಪಿಐ ಚಾಲಕ (ಯಂತ್ರದ ಭಾಗಗಳೊಡನೆ ಮಾತಾಡುವ ತಂತ್ರಾಂಶ) ಆ ಚಿಪ್ಪಿಗೆ ಮನವಿ ಸಲ್ಲಿಸಬಲ್ಲದು, ಅಷ್ಟೆ. ಅದೂ ಸಲೀಸಾಗಿ ಅಲ್ಲ: ಚಾಲಕಕ್ಕೆ ಫ್ಯಾನ್ ನಿಯಂತ್ರಣದ ಆಯ್ಕೆಯನ್ನು ಕೊಟ್ಟು ತುಂಬಿಸಿದರೆ ಮಾತ್ರ ಅದು ಬರೆಯಲು ಬಿಡುತ್ತದೆ. ಪೂರ್ವನಿಯೋಜಿತವಾಗಿ ಆ ಬಾಗಿಲು ಮುಚ್ಚಿರುತ್ತದೆ, ಮುಚ್ಚಿಟ್ಟವರಿಗೆ ಕಾರಣವಿತ್ತು. ಆ ಕಾರಣ ಇದೇ ಪ್ರಕರಣದಲ್ಲಿ ಕಣ್ಣೆದುರಿಗೆ ಬಂತು.

ತಪ್ಪು ಥರ್ಮಾಮೀಟರ್ ನೋಡುತ್ತಿದ್ದ ಸೇವೆ

ಟರ್ಮಿನಲ್ ತೆರೆದು ಸೆನ್ಸರ್ಸ್ ಆಜ್ಞೆ ಕೊಟ್ಟಾಗ ಪ್ರೊಸೆಸರ್ 97 ಡಿಗ್ರಿಯಲ್ಲಿತ್ತು. ಫ್ಯಾನ್ ನಿಮಿಷಕ್ಕೆ ಸುಮಾರು ಎರಡು ಸಾವಿರ ಸುತ್ತು. ಇಷ್ಟು ಬಿಸಿಗೆ ಇಷ್ಟು ನಿಧಾನವೇ? ಕಂಟ್ರೋಲರ್ ಹೀಗೆ ಮಾಡುವುದಿಲ್ಲ. ಥಿಂಕ್‌ಫ್ಯಾನಿನ ದಾಖಲೆ ನೋಡಿದರೆ, ಅದರ ಲೆಕ್ಕದಲ್ಲಿ ಯಂತ್ರದ ತಾಪ 48 ಡಿಗ್ರಿ.

ಲಿನಕ್ಸಿನ ತಿರುಳಾದ ಕರ್ನೆಲ್ ತಾಪಮಾಪಕಗಳನ್ನು ಎಚ್‌ಡಬ್ಲ್ಯುಮಾನ್ 0, 1, 2 ಎಂದು ಸಂಖ್ಯೆ ಹಚ್ಚಿ ಇಡುತ್ತದೆ. ಯಾವ ಚಾಲಕ ಮೊದಲು ಎದ್ದಿತೋ ಅದಕ್ಕೆ ಮೊದಲ ಸಂಖ್ಯೆ. ಈ ಕ್ರಮ ಕಾಯಂ ಅಲ್ಲ. ಕರ್ನೆಲ್ ನವೀಕರಣವಾದರೆ, ಕೆಲವೊಮ್ಮೆ ಬರೀ ಮರುಚಾಲನೆಯಾದರೂ, ಅದಲುಬದಲಾಗಬಹುದು. ವಿದ್ಯಾರ್ಥಿ ಸಂರಚನೆಯಲ್ಲಿ ಬರೆದದ್ದು ಆ ದಿನದ ಸಂಖ್ಯೆ. ಅಂದು ಅದು ಪ್ರೊಸೆಸರಿನ ಕೋರ್‌ಟೆಂಪ್ ಎಂಬ ತಾಪಮಾಪಕದ್ದಾಗಿತ್ತು. ನವೀಕರಣದ ನಂತರ ಅದೇ ಸಂಖ್ಯೆ ವೈಫೈ ಕಾರ್ಡಿನ ಪಾಲಾಗಿತ್ತು. ಕಡತ ಇತ್ತು, ಅದರಲ್ಲೊಂದು ಸಂಖ್ಯೆಯೂ ಇತ್ತು, ಹಾಗಾಗಿ ಥಿಂಕ್‌ಫ್ಯಾನ್ ಯಾವ ದೋಷಸೂಚನೆಯನ್ನೂ ಕೊಡಲಿಲ್ಲ. ವೈಫೈ ಕಾರ್ಡ್ ತಂಪಾಗಿದೆಯೆಂದು ಫ್ಯಾನನ್ನು ಎರಡನೆಯ ಹಂತದಲ್ಲಿ ಇಟ್ಟುಕೊಂಡು ನೆಮ್ಮದಿಯಾಗಿತ್ತು.

ವಿದ್ಯಾರ್ಥಿಯನ್ನು ಬೈಯುವ ವಿಷಯವಲ್ಲ ಇದು. ಹಲವು ಮಾರ್ಗದರ್ಶಿಗಳೇ ಹೀಗೆ ಸಂಖ್ಯೆಯ ದಾರಿಯನ್ನು ಬರೆಯಿರಿ ಎನ್ನುತ್ತವೆ. ಥಿಂಕ್‌ಫ್ಯಾನಿನ ಈಚಿನ ಆವೃತ್ತಿಗಳಲ್ಲಿ ಮಾಪಕವನ್ನು ಕೋರ್‌ಟೆಂಪ್ ಎಂಬ ಹೆಸರಿನಿಂದಲೇ ಗುರುತಿಸಬಹುದು. ಸಂಖ್ಯೆ ಬದಲಾದರೂ ಹೆಸರು ಬದಲಾಗುವುದಿಲ್ಲ. ಯಾರಾದರೂ ಈ ಸೇವೆಯನ್ನು ಬಳಸಲೇಬೇಕೆಂದರೆ ಹಾಗೆಯೇ ಬಳಸಬೇಕು. ಇಲ್ಲಿ ನಾವು ಸೇವೆಯನ್ನೇ ನಿಲ್ಲಿಸಿದೆವು.

ಫ್ಯಾನ್ ಮತ್ತೆ ಕಂಟ್ರೋಲರಿನ ಕೈಗೆ ಹೋಯಿತು, ಮತ್ತೆ ಗದ್ದಲ ಶುರುವಾಯಿತು. ಎಲ್ಲವೂ ಇಲ್ಲಿಗೆ ಮುಗಿಯುತ್ತದೆ ಎಂದು ವಿದ್ಯಾರ್ಥಿ ನಂಬಿದ್ದ. ಆದರೆ ಟೆಸೆರಾಕ್ಟ್ ಓಡಿಸಿದೊಡನೆ ತಾಪ ನೂರು ದಾಟಿತು. ಕರ್ನೆಲ್ ದಾಖಲೆಯಲ್ಲಿ ತಾಪ ಮಿತಿ ಮೀರಿದೆ, ಗಡಿಯಾರದ ವೇಗ ತಗ್ಗಿಸಲಾಗಿದೆ ಎಂಬ ಸಾಲುಗಳು ಬೀಳತೊಡಗಿದವು. ಎಂದರೆ ಥಿಂಕ್‌ಫ್ಯಾನ್ ಎರಡನೆಯ ದೂರಿಗೆ ಕಾರಣವೇ ಹೊರತು ಮೊದಲನೆಯದಕ್ಕೆ ಅಲ್ಲ. ಫೆಬ್ರವರಿಯ ಸದ್ದಿಗೆ ಉತ್ತರ ಇನ್ನೂ ಸಿಕ್ಕಿರಲಿಲ್ಲ.

ಡಿಗ್ರಿ ಬಿಟ್ಟು ವಾಟ್ ನೋಡಿದ್ದು

ಇಡೀ ಪ್ರಕರಣ ತಿರುಗಿದ್ದು ಇಲ್ಲಿ. ಉಪನ್ಯಾಸಕರ ಬೇಡಿಕೆಯನ್ನೇ ಒಂದು ಪ್ರಯೋಗವಾಗಿಸಿದೆವು. ಚಾಲಕದ ಫ್ಯಾನ್ ನಿಯಂತ್ರಣದ ಆಯ್ಕೆ ಹೇಗೂ ತೆರೆದೇ ಇತ್ತು. ಸ್ಟ್ರೆಸ್-ಎನ್‌ಜಿ ಎಂಬ ಸಾಧನದಿಂದ ನಾಲ್ಕೂ ಥ್ರೆಡ್‌ಗಳಿಗೆ ಒಂದೇ ಬಗೆಯ ಹೊರೆ ಹೇರಿ, ಫ್ಯಾನನ್ನು ಮೊದಲು ಸ್ವಯಂಚಾಲಿತದಲ್ಲಿ, ಆಮೇಲೆ ಸಂಖ್ಯೆಯ ಹಂತಗಳಲ್ಲಿ ಕೊನೆಯದಾದ ಏಳನೆಯ ಹಂತದಲ್ಲಿ, ಕೊನೆಗೆ ಪೂರ್ಣವೇಗದಲ್ಲಿ ಇಟ್ಟು ನೋಡುವುದು. ಈ ಪೂರ್ಣವೇಗ ಏಳನೆಯ ಹಂತಕ್ಕಿಂತ ಬೇರೆ: ಏಳರಲ್ಲಿ ಕಂಟ್ರೋಲರ್ ವೇಗವನ್ನು ಅಳೆದು ಹಿಡಿದಿರುತ್ತದೆ, ಪೂರ್ಣವೇಗದಲ್ಲಿ ಹಗ್ಗ ಬಿಚ್ಚಿ ಮೋಟಾರಿಗೆ ಎಷ್ಟಾಗುತ್ತದೋ ಅಷ್ಟು ಓಡಲು ಬಿಡುತ್ತದೆ. ಹೀಗೆ ಕೈಯಿಂದ ಹಂತ ಕೊಡುವಾಗ ಚಾಲಕದ ಕಾವಲು ಗಡಿಯಾರಕ್ಕೂ ಒಂದು ಅವಧಿ ಕೊಟ್ಟಿರಬೇಕು, ಗರಿಷ್ಠ 120 ಸೆಕೆಂಡ್. ಆ ಅವಧಿಯೊಳಗೆ ಹೊಸ ಆಜ್ಞೆ ಬರದಿದ್ದರೆ ಫ್ಯಾನ್ ತಾನಾಗಿ ಸುರಕ್ಷಿತ ಸ್ಥಿತಿಗೆ ಮರಳುತ್ತದೆ. ನಮ್ಮ ಪುಟ್ಟ ಸ್ಕ್ರಿಪ್ಟ್ ಅದೇ ಹಂತವನ್ನು ಆಗಾಗ ಮತ್ತೆ ಬರೆಯುತ್ತಿತ್ತು.

ಕೋಣೆಯಲ್ಲಿ 39 ಡಿಗ್ರಿ. ಮೂರೂ ಸಲ ಪ್ರೊಸೆಸರ್ ತನ್ನ ಮಿತಿಯಾದ 105ಕ್ಕೆ ಹೋಗಿ ಅಲ್ಲಿಯೇ ಕುಳಿತಿತು.

ಫ್ಯಾನ್ ಎಷ್ಟು ಓಡಿದರೂ ಒಂದೇ, ಎಂದು ವಿದ್ಯಾರ್ಥಿ ತೀರ್ಮಾನ ಕೊಟ್ಟ. ತಾಪವನ್ನು ಮಾತ್ರ ನೋಡಿದರೆ ಹಾಗೆಯೇ ಅನ್ನಿಸುತ್ತದೆ. ಆದರೆ ಮಿತಿ ಮುಟ್ಟಿದ ಪ್ರೊಸೆಸರಿನಲ್ಲಿ ತಾಪ ಏನನ್ನೂ ಹೇಳುವುದಿಲ್ಲ. ಮಿತಿಯನ್ನು ಮೀರದಂತೆ ತನ್ನ ವೇಗವನ್ನು ತಾನೇ ಕತ್ತರಿಸಿಕೊಳ್ಳುವುದರಿಂದ ಅಂಕಿ ಅಲ್ಲಿಯೇ ಅಂಟಿಕೊಂಡಿರುತ್ತದೆ. ಬದಲಾಗುವುದು ಅದು ಸೇವಿಸುವ ವಿದ್ಯುತ್ತು. ಟರ್ಬೊಸ್ಟ್ಯಾಟ್ ಆಜ್ಞೆ ಪ್ರೊಸೆಸರ್ ಪ್ಯಾಕೇಜಿನ ವಾಟ್ ಅಂಕಿಯನ್ನು ತೋರಿಸುತ್ತದೆ. ಸ್ವಯಂಚಾಲಿತದಲ್ಲಿ 9 ವಾಟ್. ಕಿವಿ ಗಡಚಿಕ್ಕುವ ಪೂರ್ಣವೇಗದಲ್ಲಿ 10 ವಾಟ್. 15 ವಾಟ್ ಹೊರಹಾಕಬೇಕಾದ ತಂಪುವ್ಯವಸ್ಥೆ ಒಂಬತ್ತಕ್ಕೇ ಕೈಚೆಲ್ಲಿತ್ತು, ಫ್ಯಾನಿನ ಎಲ್ಲ ಶಕ್ತಿಯನ್ನು ಸುರಿದರೂ ಗಿಟ್ಟಿದ್ದು ಒಂದೇ ವಾಟ್.

ಇದನ್ನು ಇನ್ನೊಂದು ಬಗೆಯಲ್ಲಿ ಬರೆದಿಟ್ಟುಕೊಂಡೆವು. 105ರಲ್ಲಿ ಕೋಣೆಯ 39 ಕಳೆದರೆ ಏರಿಕೆ 66 ಡಿಗ್ರಿ. 9 ವಾಟಿನಿಂದ ಭಾಗಿಸಿದರೆ ಪ್ರತಿ ವಾಟಿಗೆ 7.3 ಡಿಗ್ರಿ. ಯಂತ್ರದ ಆರೋಗ್ಯ ಹೇಳಲು ಈ ಒಂದು ಅಂಕಿ ಸಾಕು. ಬೇಸಿಗೆ ಬರಲಿ, ಮಳೆಗಾಲ ಬರಲಿ, ಕೋಣೆಯ ತಾಪ ಲೆಕ್ಕದಿಂದ ಕಳೆದುಹೋಗಿರುತ್ತದೆ.

ಫ್ಯಾನ್ ತಿರುಗುತ್ತಿದೆ, ಆದರೂ ಶಾಖ ಹೊರಗೆ ಹೋಗುತ್ತಿಲ್ಲ ಎಂದರೆ ತಡೆ ಎರಡೇ ಕಡೆ ಇರಬಹುದು: ಚಿಪ್ಪಿಗೂ ತಾಮ್ರದ ತಳಕ್ಕೂ ನಡುವೆ ಶಾಖ ದಾಟಿಸಲು ಹಚ್ಚಿದ ಪೇಸ್ಟಿನಲ್ಲಿ, ಇಲ್ಲವೇ ಗಾಳಿ ಹಾಯುವ ರೆಕ್ಕೆತಗಡುಗಳಲ್ಲಿ. ಎರಡಕ್ಕೂ ಲಕ್ಷಣಗಳು ಬೇರೆ. ಪೇಸ್ಟ್ ಒಣಗಿದ್ದರೆ ಹೊರೆ ಬಿದ್ದ ಕ್ಷಣದಲ್ಲೇ ತಾಪ ನೆಗೆಯುತ್ತದೆ, ಹೊರೆ ತೆಗೆದೊಡನೆ ಧಡಕ್ಕನೆ ಬೀಳುತ್ತದೆ, ಏಕೆಂದರೆ ಶಾಖ ತಾಮ್ರವನ್ನು ತಲುಪಿಯೇ ಇರುವುದಿಲ್ಲ. ತಗಡು ಕಟ್ಟಿದ್ದರೆ ಏರಿಕೆ ನಿಧಾನ, ಇಳಿಕೆಯೂ ನಿಧಾನ. ತಾಮ್ರದ ಕೊಳವೆ, ಕೀಲಿಮಣೆ ಎಲ್ಲವೂ ಕಾದಿರುತ್ತವೆ. ಈ ಯಂತ್ರ ಎರಡನ್ನೂ ತೋರಿಸಿತು. ಹೊರೆ ಹಾಕಿದ ಒಂದೆರಡು ಸೆಕೆಂಡಿನಲ್ಲಿ 60ರಿಂದ 85ಕ್ಕೆ ಜಿಗಿತ, ಆಮೇಲೆ ನಿಮಿಷಗಳವರೆಗೆ ತೆವಳುತ್ತಾ ಮೇಲಕ್ಕೆ. ಪಕ್ಕದ ಕಿಂಡಿಗೆ ಅಂಗೈ ಹಿಡಿದರೆ ಪೂರ್ಣವೇಗದಲ್ಲೂ ಗಾಳಿ ಬಂದಂತೆಯೇ ಇರಲಿಲ್ಲ.

ಅಂಗಡಿಯ ಸಲಹೆ, ಮತ್ತು ಕಾಲೇಜಿನ ರಜೆಯವರೆಗಿನ ದಿನಗಳು

ಪಟ್ಟಣದ ಒಂದು ರಿಪೇರಿ ಅಂಗಡಿಯಲ್ಲಿ ಕೇಳಿದಾಗ, ಫ್ಯಾನ್ ಹೋಗಿದೆ, ಹೊಸದು ತರಿಸಬೇಕು ಎಂದರು. ಯಂತ್ರವನ್ನು ತೆರೆಯದೆ, ಅಳೆಯದೆ ಕೊಟ್ಟ ತೀರ್ಪು. ಕೈಯಲ್ಲಿ ಅಂಕಿ ಇಲ್ಲದಿದ್ದರೆ ಉಪನ್ಯಾಸಕರು ಒಪ್ಪಿಬಿಡುತ್ತಿದ್ದರೇನೋ. ಪ್ರತಿ ಹಂತಕ್ಕೂ ಫ್ಯಾನ್ ಸರಿಯಾದ ಸುತ್ತು ತೋರಿಸುತ್ತಿರುವುದನ್ನು ಅವರು ಕಣ್ಣಾರೆ ಕಂಡಿದ್ದರಿಂದ ಬೇಡವೆಂದು ಹೊರಬಂದರು. ಯಂತ್ರವನ್ನು ನಾನೇ ತೆರೆಯುವುದೆಂದಾಯಿತು. ಆದರೆ ಪರೀಕ್ಷೆಯ ದಿನಗಳು. ಅಂಕಪಟ್ಟಿಗಳೆಲ್ಲ ಅದರಲ್ಲೇ ಇದ್ದವು. ರಜೆ ಬರುವವರೆಗೆ ತೆರೆಯುವುದು ಬೇಡ ಎಂದು ಅವರು ಹಟ ಹಿಡಿದರು. ನನಗೆ ಅದು ಸರಿಯೆನಿಸಿತು. ತೆರೆದ ಯಂತ್ರ ಮತ್ತೆ ಏಳದಿರುವ ಸಾಧ್ಯತೆ ಸಣ್ಣದಾದರೂ ಸೊನ್ನೆಯಲ್ಲ.

ಅಲ್ಲಿಯವರೆಗೆ ಏನು ಮಾಡುವುದು? ಟರ್ಬೊ ನಿಲ್ಲಿಸಿ ನೋಡಿದೆವು. ಇಂಟೆಲ್ ಪಿ-ಸ್ಟೇಟ್ ಚಾಲಕದಲ್ಲಿ ಅದಕ್ಕೊಂದು ಕಡತವಿದೆ; 1 ಎಂದು ಬರೆದರೆ ಟರ್ಬೊ ಇಲ್ಲ, 0 ಎಂದರೆ ಇದೆ. ಬ್ರೌಸರ್ ತೆರೆಯುವುದು, ಕಡತ ಉಳಿಸುವುದು ಇತ್ಯಾದಿ ಸಣ್ಣ ಕೆಲಸಗಳಲ್ಲಿ ಫ್ಯಾನಿನ ಧಡಬಡ ಕಡಿಮೆಯಾಯಿತು. ಟೆಸೆರಾಕ್ಟಿಗೆ ಮಾತ್ರ ಪ್ರಯೋಜನವಾಗಲಿಲ್ಲ, ಏಕೆಂದರೆ ಮೂಲ ವೇಗವಾದ 2.3ರಲ್ಲಿಯೇ ನಾಲ್ಕೂ ಥ್ರೆಡ್ ದುಡಿದರೆ 9 ವಾಟ್ ದಾಟುತ್ತದೆ. ಅದೇ ಚಾಲಕದಲ್ಲಿ ಗರಿಷ್ಠ ವೇಗವನ್ನು ಶೇಕಡಾವಾರು ಕಟ್ಟಿಹಾಕುವ ಇನ್ನೊಂದು ಕಡತವಿದೆ. ಅದನ್ನು 60ಕ್ಕೆ ಇಳಿಸಿದಾಗ ತಾಪ 92ರ ಆಸುಪಾಸಿನಲ್ಲಿ ನಿಂತಿತು.

ವೇಗವನ್ನು ನಾವು ಇಷ್ಟು ಕತ್ತರಿಸಿದ ಮೇಲೂ ಸಂಪುಟ ಮುಗಿಯುವ ಸಮಯ ಹೆಚ್ಚಾಗಲಿಲ್ಲ. ಉಪನ್ಯಾಸಕರಿಗೆ ಇದು ನಂಬಲಾಗಲಿಲ್ಲ. ಮೊದಲು ಪ್ರೊಸೆಸರ್ ಮೇಲಕ್ಕೆ ಹಾರಿ, ಮಿತಿಗೆ ಬಡಿದು, ಕೆಳಕ್ಕೆ ಬಿದ್ದು, ಮತ್ತೆ ಹಾರುತ್ತಿತ್ತು. ಸರಾಸರಿ ಲೆಕ್ಕದಲ್ಲಿ ಈಗಿನ ವೇಗಕ್ಕಿಂತ ಹೆಚ್ಚೇನೂ ಇರಲಿಲ್ಲ. ನಾವಾಗಿ ಬಿಟ್ಟುಕೊಟ್ಟದ್ದು ಹೇಗೂ ನಮ್ಮದಾಗಿರಲಿಲ್ಲ.

ಹೊರೆಯ ಕಡೆಗೆ ಒಂದು ನೋಟ

ಕಾಯುವ ದಿನಗಳಲ್ಲಿ, ಓಡುತ್ತಿರುವ ಕೆಲಸಗಳನ್ನು ತೋರಿಸುವ ಟಾಪ್ ಆಜ್ಞೆಯ ಪಟ್ಟಿಯನ್ನು ನಿಧಾನವಾಗಿ ನೋಡಲು ಬಿಡುವಾಯಿತು. ವಿದ್ಯಾರ್ಥಿಯ ಸ್ಕ್ರಿಪ್ಟ್ ನಾಲ್ಕು ಟೆಸೆರಾಕ್ಟ್‌ಗಳನ್ನು ಒಟ್ಟಿಗೆ ಓಡಿಸುತ್ತಿತ್ತು: ನಾಲ್ಕು ಥ್ರೆಡ್, ನಾಲ್ಕು ಕೆಲಸ. ಲೆಕ್ಕ ಸರಿ. ಸರಾಸರಿ ಹೊರೆ, ಎಂದರೆ ಓಡುತ್ತಿರುವ ಮತ್ತು ಸರದಿಗೆ ಕಾದಿರುವ ಥ್ರೆಡ್‌ಗಳ ಎಣಿಕೆ, ಮಾತ್ರ ಹದಿನಾರರ ಹತ್ತಿರ. ಟೆಸೆರಾಕ್ಟಿನ ನಾಲ್ಕನೆಯ ಆವೃತ್ತಿಯಿಂದೀಚೆಗೆ ಒಂದೊಂದು ಪ್ರಕ್ರಿಯೆಯೂ ಓಪನ್‌ಎಂಪಿ ಎಂಬ, ಕೆಲಸ ಹಂಚುವ ವ್ಯವಸ್ಥೆಯ ಮೂಲಕ ತಾನೇ ನಾಲ್ಕು ಥ್ರೆಡ್‌ಗಳನ್ನು ಹುಟ್ಟಿಸುತ್ತದೆ. ನಾಲ್ಕು ನಾಲ್ಕಲ ಹದಿನಾರು. ಇರುವ ನಾಲ್ಕು ಜಾಗಕ್ಕೆ ಹದಿನಾರು ಮಂದಿ ಕಾದಾಡುತ್ತಿದ್ದರು. ಇದರ ಕೆಟ್ಟ ಭಾಗವೆಂದರೆ ಕಾಯುವ ಥ್ರೆಡ್ ಸುಮ್ಮನೆ ಕಾಯುವುದಿಲ್ಲ, ಇದ್ದಲ್ಲೇ ಸುತ್ತುತ್ತಾ ಪ್ರೊಸೆಸರನ್ನು ತಿನ್ನುತ್ತಿರುತ್ತದೆ.

ಓಎಂಪಿ ಥ್ರೆಡ್ ಲಿಮಿಟ್ ಎಂಬ ಪರಿಸರ ಚರಾಂಶವನ್ನು 1 ಎಂದು ಇಟ್ಟೆವು. ಸ್ಕ್ರಿಪ್ಟಿನಲ್ಲಿ ಒಂದು ಸಾಲು. ಗಂಟೆಗೆ ಮುಗಿಯುವ ಪುಟಗಳು ಹೆಚ್ಚುಕಡಿಮೆ ಎರಡು ಪಟ್ಟಾದವು.

ತಾಪ ಇಳಿಯಲಿಲ್ಲ ಎಂಬುದನ್ನು ಗಮನಿಸಬೇಕು. ಪ್ರೊಸೆಸರ್ ಮೊದಲೂ ಪೂರ್ತಿ ದುಡಿಯುತ್ತಿತ್ತು, ಈಗಲೂ ಪೂರ್ತಿ ದುಡಿಯುತ್ತಿದೆ. ಸೆಕೆಂಡಿಗೆ ಹುಟ್ಟುವ ಶಾಖ ಅಷ್ಟೇ. ಇಳಿದದ್ದು ಪುಟಕ್ಕೆ ಹುಟ್ಟುವ ಶಾಖ. ರಾತ್ರಿಯಿಡೀ ಅರಚುತ್ತಿದ್ದ ಫ್ಯಾನ್ ಮಧ್ಯರಾತ್ರಿಗೆ ಮುನ್ನ ಸುಮ್ಮನಾಗತೊಡಗಿತು. ಮನೆಯವರಿಗೆ ಇದೇ ದೊಡ್ಡ ಪರಿಹಾರ. ಫ್ಯಾನಿನ ಸದ್ದಿನ ಬಗ್ಗೆ ದೂರು ಕೇಳುವ ನಾವು, ಯಂತ್ರ ಏನು ಮಾಡುತ್ತಿದೆ ಎಂದು ಕೇಳುವುದು ಎಷ್ಟು ಅಪರೂಪ!

ಹಗಲಿನ ಸದ್ದಿಗೆ ಬೇರೆ ಅಪರಾಧಿ ಇತ್ತು. ಸ್ಕ್ಯಾನ್‌ಗಳೆಲ್ಲ ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ ಇದ್ದವು. ಉಬುಂಟುವಿನ ಡೆಸ್ಕ್‌ಟಾಪ್ ಆದ ಗ್ನೋಮ್‌ನ ಟ್ರ್ಯಾಕರ್ ಎಂಬ ಸೇವೆ, ಹುಡುಕಲು ಅನುಕೂಲವಾಗಲೆಂದು, ಆ ಫೋಲ್ಡರಿನ ಕಡತಗಳನ್ನು ಸೂಚಿಗೆ ಸೇರಿಸುತ್ತಲೇ ಇರುತ್ತದೆ. ರಾತ್ರಿ ಸಾವಿರಾರು ಹೊಸ ಪಠ್ಯಕಡತಗಳು ಹುಟ್ಟಿದರೆ ಹಗಲು ಅದಕ್ಕೆ ಕೈತುಂಬ ಕೆಲಸ. ಆ ಫೋಲ್ಡರಿನೊಳಗೆ ಮುಂದೆ ಚುಕ್ಕೆಯಿರುವ ಟ್ರ್ಯಾಕರ್‌ಇಗ್ನೋರ್ ಎಂಬ ಹೆಸರಿನ ಖಾಲಿ ಕಡತವೊಂದನ್ನು ಇಟ್ಟರೆ ಸಾಕು, ಅದು ಅತ್ತ ಸುಳಿಯುವುದಿಲ್ಲ.

ತೆರೆದಾಗ

ಏಪ್ರಿಲಿನಲ್ಲಿ ತೆರೆದೆವು. ಈ ಮಾದರಿಯಲ್ಲಿ ಹೊರಗೊಂದು, ಒಳಗೊಂದು, ಹೀಗೆ ಎರಡು ಬ್ಯಾಟರಿ. ಹೊರಗಿನದನ್ನು ಕಳಚಿದರೆ ವಿದ್ಯುತ್ ನಿಂತಿತೆಂದು ಭಾವಿಸಬಾರದು. ಮೊದಲು ಬಯೋಸ್ (ಯಂತ್ರ ಏಳುವಾಗ ತೆರೆಯಬಹುದಾದ ಮೂಲ ಸಂಯೋಜನೆ) ಒಳಗೆ ಹೋಗಿ ಒಳಬ್ಯಾಟರಿಯನ್ನು ನಿಷ್ಕ್ರಿಯಗೊಳಿಸಬೇಕು. ತಂಪುವ್ಯವಸ್ಥೆಯ ಸ್ಕ್ರೂಗಳ ಪಕ್ಕದಲ್ಲಿ ಸಂಖ್ಯೆಗಳಿವೆ. ಒಂದನ್ನೇ ಪೂರ್ತಿ ಬಿಚ್ಚದೆ, ಆ ಕ್ರಮದಲ್ಲಿ ಸ್ವಲ್ಪ ಸ್ವಲ್ಪವಾಗಿ ಸಡಿಲಿಸಬೇಕು. ಪ್ರೊಸೆಸರಿನ ಬರಿಯ ಸಿಲಿಕಾನ್ ಮೇಲೆ ಒಂದು ಮೂಲೆಯ ಒತ್ತಡ ಬಿದ್ದರೆ ಅಂಚು ಒಡೆಯಬಹುದು.

ಹೊರಗಿನಿಂದ ಕಿಂಡಿ ಸ್ವಚ್ಛವಾಗಿಯೇ ಕಂಡಿತ್ತು. ಒಳಗೆ, ಫ್ಯಾನಿನ ಬಾಯಿಗೂ ತಗಡುಗಳಿಗೂ ನಡುವೆ, ಬೂದುಬಣ್ಣದ ಕಂಬಳಿಯ ತುಂಡೊಂದನ್ನು ಅಳತೆಗೆ ಕತ್ತರಿಸಿ ಇಟ್ಟಂತಿತ್ತು. ಚಿಮುಟದಿಂದ ಎತ್ತಿದರೆ ಒಂದೇ ಹಾಳೆಯಾಗಿ ಬಂತು. ಅದರಲ್ಲಿ ಎರೆಮಣ್ಣಿನ ಧೂಳಿತ್ತು, ಅದನ್ನು ಹೆಣೆದು ಹಿಡಿದದ್ದು ಅರಳೆಯ ಎಳೆ. ಧೂಳು ಒಂದೇ ಆಗಿದ್ದರೆ ಬಹುಪಾಲು ತಗಡುಗಳ ಸಂದಿನಿಂದ ಹಾರಿಹೋಗುತ್ತದೆ. ಹತ್ತಿಯ ಎಳೆ ಅಡ್ಡ ಬಿದ್ದು ಜಾಲ ಕಟ್ಟುತ್ತದೆ, ಆಮೇಲೆ ಬಂದ ಧೂಳೆಲ್ಲ ಅದರ ಮೇಲೆ ಕೂರುತ್ತದೆ. ಕೊಯ್ಲು ಮುಗಿದು ಜಿನ್ನಿಂಗ್ ಮಿಲ್ ಹಗಲುರಾತ್ರಿ ಓಡುವ ಚಳಿಗಾಲದಲ್ಲಿ ಅದು ತುಂಬಿತು, ಸದ್ದು ಫೆಬ್ರವರಿಯಲ್ಲಿ ಏರಿತು. ಲೆಕ್ಕ ತಾಳೆಯಾಗುತ್ತದೆ.

ಕಿಂಡಿಯಿಂದ ಗಾಳಿ ಊದಿ ಶುಚಿ ಮಾಡಬಹುದಿತ್ತಲ್ಲ ಎಂದು ವಿದ್ಯಾರ್ಥಿ ಕೇಳಿದ. ಇಂಥ ಹಾಳೆಯನ್ನು ಹೊರಗಿನಿಂದ ಊದಿದರೆ ಅದು ಹಿಂದಕ್ಕೆ ಸರಿದು ಫ್ಯಾನಿನೊಳಗೆ ಕೂರುತ್ತದೆ, ಒಂದೆರಡು ದಿನದಲ್ಲಿ ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ಊದುವಾಗ ಫ್ಯಾನನ್ನು ಬೆರಳಿನಿಂದ ಹಿಡಿದಿರದಿದ್ದರೆ ಅದು ವಿಪರೀತ ವೇಗದಲ್ಲಿ ತಿರುಗಿ ಬೇರಿಂಗ್ ಕೆಡುವುದೂ ಉಂಟು.

ಪೇಸ್ಟ್ ಒಣಗಿ ಪುಡಿಯಾಗಿತ್ತು. ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಹೊಸದನ್ನು ಒಂದು ಸಣ್ಣ ಹನಿಯಷ್ಟು ಹಾಕಿ, ಸ್ಕ್ರೂಗಳನ್ನು ಸಂಖ್ಯೆಯ ಕ್ರಮದಲ್ಲಿ ಬಿಗಿದೆವು. ಹಾಳೆ ತೆಗೆದ ಮೇಲೆ ಒಮ್ಮೆ ಅಳೆದು, ಪೇಸ್ಟ್ ಬದಲಿಸಿದ ಮೇಲೆ ಇನ್ನೊಮ್ಮೆ ಅಳೆದಿದ್ದರೆ ಯಾವುದರಿಂದ ಎಷ್ಟು ಲಾಭವೆಂದು ಹೇಳಬಹುದಿತ್ತು. ಆದರೆ ತಗಡು ಶುಚಿ ಮಾಡಲು ತಾಮ್ರದ ತಳವನ್ನು ಎತ್ತಲೇಬೇಕು. ಎತ್ತಿದ ಕ್ಷಣದಲ್ಲಿ ಹಳೆಯ ಪೇಸ್ಟಿನ ಸಂಪರ್ಕ ಹೋಗುತ್ತದೆ. ಹಾಗಾಗಿ ಎರಡೂ ಕೂಡಿಯೇ ಆದವು, ಪಾಲು ಹಂಚುವ ದಾರಿಯಿಲ್ಲ.

ಫಲಿತಾಂಶ

ಅದೇ ಹೊರೆ, ಕೋಣೆಯಲ್ಲಿ 38 ಡಿಗ್ರಿ. ತಾಪ 80ರಲ್ಲಿ ನಿಂತಿತು. ಪ್ಯಾಕೇಜಿನ ಬಳಕೆ ಪೂರ್ತಿ 15 ವಾಟ್, ಫ್ಯಾನ್ ಸ್ವಯಂಚಾಲಿತದಲ್ಲಿ, ವೇಗ 2.3 ಗಿಗಾಹರ್ಟ್ಸ್‌ಗಿಂತ ಕೆಳಗಿಳಿಯಲಿಲ್ಲ. 42 ಡಿಗ್ರಿ ಏರಿಕೆಯನ್ನು 15ರಿಂದ ಭಾಗಿಸಿದರೆ ಪ್ರತಿ ವಾಟಿಗೆ 2.8 ಡಿಗ್ರಿ. ಮೊದಲು 7.3 ಇತ್ತು. 105ರಿಂದ 80ಕ್ಕೆ ಇಳಿಯಿತು ಎಂದಷ್ಟೇ ಹೇಳಿದರೆ ಆದ ಬದಲಾವಣೆಯ ಅರ್ಧವೂ ಕಾಣುವುದಿಲ್ಲ, ಏಕೆಂದರೆ ಮೊದಲಿನ 105 ಕಡಿಮೆ ಕೆಲಸಕ್ಕೆ ಕೊಟ್ಟ ಬೆಲೆ, ಈಗಿನ 80 ಹೆಚ್ಚು ಕೆಲಸಕ್ಕೆ.

ವೇಗಕ್ಕೆ ಹಾಕಿದ್ದ 60ರ ಕಟ್ಟನ್ನು ತೆಗೆದೆವು. ಥಿಂಕ್‌ಫ್ಯಾನನ್ನು ಪೂರ್ತಿ ಅಳಿಸಿದೆವು. ಚಾಲಕಕ್ಕೆ ಕೊಟ್ಟಿದ್ದ ಫ್ಯಾನ್ ನಿಯಂತ್ರಣದ ಆಯ್ಕೆಯನ್ನೂ ತೆಗೆಯಬೇಕೆಂದು ನಾನು ಒತ್ತಾಯಿಸಿದೆ. ವಿದ್ಯಾರ್ಥಿಗೆ ಅದು ರುಚಿಸಲಿಲ್ಲ. ಇಷ್ಟು ಕಷ್ಟಪಟ್ಟು ತೆರೆದ ಬಾಗಿಲು, ಇರಲಿ ಬಿಡಿ ಎಂದ. ಪ್ರಯೋಗಕ್ಕೆ ಆ ಬಾಗಿಲು ಬೇಕಿತ್ತು, ದಿನಬಳಕೆಗೆ ಬೇಡ. ಕಂಟ್ರೋಲರಿಗೆ ಪ್ರೊಸೆಸರ್ ಒಂದೇ ಅಲ್ಲ, ಯಂತ್ರದ ಬೇರೆ ಭಾಗಗಳ ತಾಪವೂ ಗೊತ್ತಿರುತ್ತದೆ. ನಾವು ಬರೆಯುವ ನಿಯಮಕ್ಕೆ ನಾವು ತೋರಿಸಿದ ಮಾಪಕ ಮಾತ್ರ ಗೊತ್ತು, ಅದು ವೈಫೈ ಕಾರ್ಡಾದರೂ ಸರಿಯೇ.

ಉಳಿದದ್ದು ಧ್ವನಿಮುದ್ರಣ. ಅದಕ್ಕೆ ಫ್ಯಾನನ್ನು ತಡೆಯುವ ಬದಲು ಶಾಖವನ್ನೇ ಕಡಿಮೆ ಮಾಡಿದೆವು: ಒಂದು ಕೀಲಿ ಒತ್ತಿದರೆ ಟರ್ಬೊ ನಿಲ್ಲುತ್ತದೆ, ಇನ್ನೊಮ್ಮೆ ಒತ್ತಿದರೆ ಮರಳುತ್ತದೆ. ಯಂತ್ರವನ್ನು ಮರುಚಾಲನೆ ಮಾಡಿದರೆ ತಾನಾಗಿಯೇ ಮೊದಲಿನ ಸ್ಥಿತಿಗೆ ಬರುವುದರಿಂದ ಮರೆತರೂ ತೊಂದರೆಯಿಲ್ಲ. ಮೈಕಿಗೆ ಈಗ ಸದ್ದು ಸಿಗುತ್ತಿಲ್ಲ.

ಗೋಡೆಯ ಥರ್ಮಾಮೀಟರ್ ನೋಡಿ, ಐದು ನಿಮಿಷ ಹೊರೆ ಹಾಕಿ, ವಾಟಿಗೆ ಎಷ್ಟು ಡಿಗ್ರಿ ಎಂದು ತಿಂಗಳಿಗೊಮ್ಮೆ ಬರೆದಿಡುವ ಅಭ್ಯಾಸವನ್ನು ಉಪನ್ಯಾಸಕರು ಬೆಳೆಸಿಕೊಂಡಿದ್ದಾರೆ. ಮಳೆಗಾಲದಲ್ಲಿ ಅಂಕಿ ಅಲುಗಲಿಲ್ಲ. ಮುಂದಿನ ಹತ್ತಿ ಹಂಗಾಮು ಮುಗಿಯುವ ಹೊತ್ತಿಗೆ 3.6ಕ್ಕೆ ಬಂದಿತ್ತು, ಆಗಿನ್ನೂ ಫ್ಯಾನಿನ ಸದ್ದಿನಲ್ಲಿ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಈ ಸಲ ಅವರೂ ವಿದ್ಯಾರ್ಥಿಯೂ ಸೇರಿ ತೆರೆದರು. ತೆಳುವಾದ ಒಂದು ಪದರ ಸಿಕ್ಕಿತು. ಪೇಸ್ಟಿನ ಕೊಳವೆಯನ್ನು ಮೊದಲೇ ತರಿಸಿಟ್ಟುಕೊಂಡಿದ್ದರು.

ಟರ್ಬೊವನ್ನು ಮಾತ್ರ ಅವರು ಈಗ ಧ್ವನಿಮುದ್ರಣವಿಲ್ಲದಾಗಲೂ ನಿಲ್ಲಿಸಿಯೇ ಇಡುತ್ತಾರೆ, ಯಂತ್ರ ಏಳುವಾಗಲೇ 1 ಎಂದು ಬರೆಯುವ ಸ್ಕ್ರಿಪ್ಟ್ ಹಾಕಿಸಿಕೊಂಡಿದ್ದಾರೆ. ಅಗತ್ಯವಿಲ್ಲ, 80 ಡಿಗ್ರಿ ಈ ಪ್ರೊಸೆಸರಿಗೆ ಏನೂ ಅಲ್ಲ ಎಂದು ನಾನು ಹೇಳಿಯಾಗಿದೆ. ಸಂಪುಟ ಬೆಳಿಗ್ಗೆಯೊಳಗೆ ಮುಗಿದರೆ ತನಗೆ ಸಾಕು, ಅದಕ್ಕಿಂತ ಬೇಗ ಮುಗಿದು ಏನಾಗಬೇಕಿದೆ ಎಂಬುದು ಅವರ ವಾದ. ಆ ವಾದಕ್ಕೆ ನನ್ನ ಬಳಿ ಒಳ್ಳೆಯ ಉತ್ತರವಿಲ್ಲ.